ವಾಸುಕಿಗೆ ಎಷ್ಟು ಹಿಟ್ ಪಾಯಿಂಟ್?

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆಟಗಾರರ ಪಾತ್ರಗಳಿಗೆ ಎದುರಾಗುವ ಜೀವಿಗಳಿಗೆಲ್ಲ ಒಟ್ಟಾಗಿ ಮಾನ್‌ಸ್ಟರ್ ಎಂದೇ ಹೆಸರು. ಬೆಂಕಿಯುಗುಳುವ ಡ್ರ್ಯಾಗನ್ನೂ ಮಾನ್‌ಸ್ಟರ್, ಊರಾಚೆಯ ತೋಳವೂ ಮಾನ್‌ಸ್ಟರ್. ಆಟ ನಡೆಸುವ ಡಂಜನ್ ಮಾಸ್ಟರ್ ಅಥವಾ ಡಿಎಂ ಇವುಗಳ ಪರವಾಗಿ ದಾಳ ಉರುಳಿಸುತ್ತಾರೆ. ಪ್ರತಿ ಜೀವಿಯ ಬಲಾಬಲವೂ ಸ್ಟ್ಯಾಟ್ ಬ್ಲಾಕ್ ಎಂಬ ಅರ್ಧ ಪುಟದ ಪಟ್ಟಿಯಲ್ಲಿ ಅಡಗಿರುತ್ತದೆ. ಎಷ್ಟು ಪೆಟ್ಟು ತಿಂದರೆ ಉರುಳುತ್ತದೆ ಎಂಬುದಕ್ಕೆ ಹಿಟ್ ಪಾಯಿಂಟ್. 20 ಮುಖದ ದಾಳದಲ್ಲಿ ಎಷ್ಟು ಬಿದ್ದರೆ ಪೆಟ್ಟು ತಾಗುತ್ತದೆ ಎಂಬುದಕ್ಕೆ ಆರ್ಮರ್ ಕ್ಲಾಸ್. ಯಾವ ಹಂತದ ನಾಲ್ವರ ತಂಡಕ್ಕೆ ಅದು ತಕ್ಕ ಎದುರಾಳಿ ಎಂಬುದಕ್ಕೆ ಚಾಲೆಂಜ್ ರೇಟಿಂಗ್. ಜೊತೆಗೆ ಶಕ್ತಿ, ಚುರುಕು ಮೊದಲಾದ ಆರು ಗುಣಗಳ ಅಂಕ, ವೇಗ, ದಾಳಿಗಳ ವಿವರ, ಒಂದೆರಡು ವಿಶೇಷ ನಿಯಮ. ನಿಜವಾದ ಪ್ರಾಣಿಯನ್ನು ಆಟಕ್ಕೆ ತರುವುದೆಂದರೆ ಅದರ ಬದುಕನ್ನು ಈ ಅರ್ಧ ಪುಟಕ್ಕೆ ಇಳಿಸುವ ಕೆಲಸ.

ಈ ಕೆಲಸ ಆಟದಷ್ಟೇ ಹಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾಯಿತು. 1977ರ 'ಮಾನ್‌ಸ್ಟರ್ ಮ್ಯಾನ್ಯುಯಲ್'ನಲ್ಲಿ ಪುರಾಣದ ಜೀವಿಗಳ ನಡುವೆಯೇ ಡೈನೊಸಾರ್‌ಗಳ ಉದ್ದನೆಯ ಸಾಲಿತ್ತು. ಅದೇ ಪುಸ್ತಕದ ಔಲ್‌ಬೇರ್, ರಸ್ಟ್ ಮಾನ್‌ಸ್ಟರ್, ಬ್ಯುಲೆಟ್ ಎಂಬ ಪ್ರಸಿದ್ಧ ಜೀವಿಗಳು ಹುಟ್ಟಿದ್ದು ಹಾಂಗ್‌ಕಾಂಗ್‌ನ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳಿಂದ. ಯಾವ ಪ್ರಾಣಿಯನ್ನೂ ಹೋಲದ ಆ ಗೊಂಬೆಗಳನ್ನು ಗೈಗ್ಯಾಕ್ಸ್ ಆಟದ ಮೇಜಿಗೆ ತಂದಿದ್ದರು. ಅವಕ್ಕೆ ನಡವಳಿಕೆ, ಆಹಾರ, ಚಟ ಎಲ್ಲವೂ ಆಮೇಲೆ ಅಂಟಿಕೊಂಡವು. ರಸ್ಟ್ ಮಾನ್‌ಸ್ಟರ್ ಇಂದಿಗೂ ಆಟಗಾರರನ್ನು ನಡುಗಿಸುವುದು ಆಕಾರದಿಂದಲ್ಲ. ಅದು ಕಬ್ಬಿಣ ತಿನ್ನುತ್ತದೆ, ಹಾಗಾಗಿ ಕವಚ ತೊಟ್ಟ ಯೋಧ ಅದನ್ನು ಕಂಡೊಡನೆ ಓಡುತ್ತಾನೆ. ಗೊಂಬೆಗೆ ಬೇಕಾದದ್ದೇ ನಿಜಪ್ರಾಣಿಗೂ ಬೇಕು, ಆದರೆ ನಿಜಪ್ರಾಣಿಯ ವಿಷಯದಲ್ಲಿ ನಡವಳಿಕೆಯನ್ನು ಕಲ್ಪಿಸಿಕೊಳ್ಳುವ ಶ್ರಮವಿಲ್ಲ. ಪ್ರಕೃತಿ ಅದನ್ನು ಮೊದಲೇ ಬರೆದಿಟ್ಟಿದೆ.

ಮುಂದಿನ ಅಂಕಿಗಳೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ 2014ರ ನಿಯಮಗಳವು. ಬೇರೆ ಆಟಗಳಲ್ಲಿ ಅಂಕಿ ಬದಲಾಗುತ್ತದೆ, ವಿಧಾನ ಹೆಚ್ಚೇನೂ ಬದಲಾಗದು.

ನಡವಳಿಕೆ ಮೊದಲು

ಹೊಸಬರು ಸಾಮಾನ್ಯವಾಗಿ ಗಾತ್ರದಿಂದ ಶುರುಮಾಡುತ್ತಾರೆ. ಹುಲಿಯನ್ನು ಎರಡುಪಟ್ಟು ಮಾಡಿ, ಹಿಟ್ ಪಾಯಿಂಟ್ ಮೂರುಪಟ್ಟು ಕೊಟ್ಟು, 'ದೈತ್ಯ ಹುಲಿ' ಎಂದು ಹೆಸರಿಟ್ಟರೆ ಮುಗಿಯಿತು. ಆಟದ ಮೇಜಿನಲ್ಲಿ ಅದು ಬೇಸರ ತರಿಸುತ್ತದೆ. ಹತ್ತಿರ ಬರುವುದು, ಕಚ್ಚುವುದು, ಕಚ್ಚಿಸಿಕೊಂಡವನು ತಿರುಗಿ ಹೊಡೆಯುವುದು, ಹೀಗೆ ಆರು ಸುತ್ತು. ಕರಡಿಗೂ ಇದೇ, ಸಿಂಹಕ್ಕೂ ಇದೇ, ಟಿರನೊಸಾರಸ್‌ಗೂ ಇದೇ ಆದರೆ ಮೂರು ಬೇರೆ ಬೇರೆ ಸ್ಟ್ಯಾಟ್ ಬ್ಲಾಕ್‌ಗಳ ಅಗತ್ಯವೇ ಇಲ್ಲ.

ಪ್ರಾಣಿಯ ಬಗ್ಗೆ ಮೊದಲು ಹುಡುಕಬೇಕಾದದ್ದು ಅದು ಬೇಟೆಯನ್ನು ಹೇಗೆ ಪತ್ತೆ ಹಚ್ಚುತ್ತದೆ, ಮೊದಲ ಪೆಟ್ಟು ಹೇಗೆ ಹಾಕುತ್ತದೆ, ಯಾವಾಗ ಕೈಬಿಡುತ್ತದೆ ಎಂಬುದನ್ನು. ಸಸ್ಯಾಹಾರಿಯಾದರೆ ಏನನ್ನು ಕಾಯುತ್ತದೆ ಎಂಬುದನ್ನು. ಇವುಗಳಲ್ಲಿ ಎದ್ದು ಕಾಣುವ ಒಂದು ಸಂಗತಿಯನ್ನು ಆರಿಸಿ ಅದಕ್ಕೊಂದು ನಿಯಮ ಬರೆದರೆ ಜೀವಿಯ ಮುಕ್ಕಾಲು ಪಾಲು ಸಿದ್ಧವಾದಂತೆ. ಒಂದೇ ಒಂದು ನಿಯಮ ಸಾಕು, ಎರಡಕ್ಕಿಂತ ಹೆಚ್ಚಂತೂ ಬೇಡ. ಹೋರಾಟದ ನಡುವೆ ಡಿಎಂ ನಾಲ್ಕೈದು ಜೀವಿಗಳನ್ನು ಒಟ್ಟಿಗೆ ನಡೆಸಬೇಕಾಗುತ್ತದೆ. ಐದು ವಿಶೇಷ ನಿಯಮಗಳಿರುವ ಜೀವಿಯ ಮೂರು ನಿಯಮಗಳು ಮರೆತೇ ಹೋಗುತ್ತವೆ.

ಅಧಿಕೃತ ಪುಸ್ತಕದ ಮೊಸಳೆ ಇದಕ್ಕೆ ಒಳ್ಳೆಯ ಮಾದರಿ. ಹಿಟ್ ಪಾಯಿಂಟ್ ಬರೀ 19, ಚಾಲೆಂಜ್ ರೇಟಿಂಗ್ ಅರ್ಧ. ಅದಕ್ಕಿರುವುದು ಎರಡೇ ಮಾತು: 15 ನಿಮಿಷ ಉಸಿರು ಬಿಗಿಹಿಡಿಯಬಲ್ಲದು, ಕಚ್ಚಿದರೆ ಕಚ್ಚಿಸಿಕೊಂಡವನು ಹಿಡಿತಕ್ಕೆ ಸಿಗುತ್ತಾನೆ. ಈ ಎರಡನ್ನು ಜೋಡಿಸಿದರೆ ನೀರಿನಂಚಿನಲ್ಲಿ ಕಾಯುವುದು, ಹಿಡಿಯುವುದು, ಒಳಗೆಳೆಯುವುದು ಎಲ್ಲವೂ ತಾನೇ ಬರುತ್ತದೆ. ಮೊಸಳೆ ನೀರಿನಲ್ಲಿ ಮೈ ಉರುಳಿಸಿ ಬೇಟೆಯನ್ನು ಹರಿಯುವ ಪರಿ ಮಾತ್ರ ಅಲ್ಲಿ ಸೇರಿಲ್ಲ. ಹಿಡಿದ ಬೇಟೆಯ ಮೇಲೆ ಮುಂದಿನ ಸರದಿಯಲ್ಲಿ ಕಚ್ಚುವ ಬದಲು ಉರುಳಬಹುದು, ಆಗ ಹಾನಿ ಇಮ್ಮಡಿ ಎಂದು ಒಂದು ಸಾಲು ಸೇರಿಸಿದರೆ ದಾಂಡೇಲಿಯ ಕಾಳಿ ನದಿಯ ಮೊಸಳೆ ಸಿಗುತ್ತದೆ.

ಅಂಕಿಗಳಿಗೆ ಆಧಾರ

ಅಂಕಿಗಳನ್ನು ಸೊನ್ನೆಯಿಂದ ಕಟ್ಟುವುದು ದಂಡದ ಕೆಲಸ. ಹತ್ತಿರದ ಒಂದು ಅಧಿಕೃತ ಪ್ರಾಣಿಯನ್ನು ಆಧಾರವಾಗಿಟ್ಟುಕೊಂಡು ತಿದ್ದುವುದೇ ಎಲ್ಲರೂ ಅನುಸರಿಸುವ ದಾರಿ. ತೋಳಕ್ಕೆ 11 ಹಿಟ್ ಪಾಯಿಂಟ್, ಹುಲಿಗೆ 37, ಆನೆಗೆ 76, ಟ್ರೈಸೆರಟಾಪ್ಸ್‌ಗೆ 95, ಮ್ಯಾಮತ್‌ಗೆ 126, ಟಿರನೊಸಾರಸ್‌ಗೆ 136. ಹೊಸ ಪ್ರಾಣಿ ಈ ಸಾಲಿನಲ್ಲಿ ಎಲ್ಲಿ ಕೂರುತ್ತದೆ ಎಂದು ನೋಡಿದರೆ ಅಂದಾಜು ಸಿಗುತ್ತದೆ. ತೂಕಕ್ಕೆ ತಕ್ಕಂತೆ ಹಿಟ್ ಪಾಯಿಂಟ್ ಏರುವುದಿಲ್ಲ ಎಂಬುದೂ ಇದೇ ಸಾಲಿನಿಂದ ಗೊತ್ತಾಗುತ್ತದೆ. ಆನೆ ತೋಳಕ್ಕಿಂತ ನೂರು ಪಟ್ಟಿಗೂ ಹೆಚ್ಚು ಭಾರ, ಹಿಟ್ ಪಾಯಿಂಟ್ ಮಾತ್ರ ಏಳು ಪಟ್ಟು.

ವೇಗದ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. ಆಟದ ಒಂದು ಸುತ್ತು ಆರು ಸೆಕೆಂಡ್. ಗಂಟೆಗೆ 100 ಕಿಲೊಮೀಟರ್ ಓಡುವ ಚೀತಾ ಆ ಲೆಕ್ಕದಲ್ಲಿ ಸುತ್ತಿಗೆ ಸುಮಾರು 550 ಅಡಿ ಸಾಗಬೇಕು. ನಕ್ಷೆಯ ಮೇಲೆ ಅದು ಎರಡೇ ಸುತ್ತಿನಲ್ಲಿ ಮೇಜಿನಿಂದ ಹೊರಗೆ ಹಾರಿರುತ್ತದೆ. ಪುಸ್ತಕದ ಟಿರನೊಸಾರಸ್ ಸುತ್ತಿಗೆ 50 ಅಡಿ ನಡೆಯುತ್ತದೆ, ಎಂದರೆ ಗಂಟೆಗೆ ಒಂಬತ್ತು ಕಿಲೊಮೀಟರ್. ಮನುಷ್ಯ 30 ಅಡಿ. ಇಲ್ಲಿ ಮುಖ್ಯವಾದದ್ದು ನಿಜವೇಗವಲ್ಲ, ಯಾರು ಯಾರನ್ನು ಹಿಡಿಯಬಲ್ಲರು ಎಂಬುದಷ್ಟೆ. ಮನುಷ್ಯನಿಗಿಂತ ನಿಧಾನದ ಪ್ರಾಣಿಗೆ 20, ಸಮಾನಕ್ಕೆ 30, ತಪ್ಪಿಸಿಕೊಳ್ಳಲಾಗದ್ದಕ್ಕೆ 50, ತೀರಾ ಚುರುಕಿನದಕ್ಕೆ 60 ಕೊಟ್ಟು ಮುಂದೆ ಸಾಗಬಹುದು.

ವಾಸುಕಿ: ಒಂದು ಪೂರ್ಣ ಉದಾಹರಣೆ

2024ರ ಏಪ್ರಿಲ್‌ನಲ್ಲಿ ರೂರ್ಕಿ ಐಐಟಿಯ ದೇಬಜಿತ್ ದತ್ತ ಮತ್ತು ಸುನೀಲ್ ಬಾಜಪೇಯಿ 'ವಾಸುಕಿ ಇಂಡಿಕಸ್' ಎಂಬ ಅಳಿದ ಹಾವನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಗುಜರಾತಿನ ಕಚ್ ಜಿಲ್ಲೆಯ ಪಾನಂಧ್ರೊ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿದ 27 ಬೆನ್ನೆಲುಬು ಮಣಿಗಳೇ ಅದರ ಆಧಾರ. ಕಾಲ ಸುಮಾರು 4.7 ಕೋಟಿ ವರ್ಷಗಳ ಹಿಂದೆ. ಉದ್ದದ ಅಂದಾಜು 11ರಿಂದ 15 ಮೀಟರ್. ಕೊಲಂಬಿಯಾದ ಸೆರೆಹೋನ್ ಕಲ್ಲಿದ್ದಲು ಗಣಿಯಿಂದ ಬಂದು 2009ರಲ್ಲಿ ಹೆಸರು ಪಡೆದ ಟೈಟನೊಬೋವಾ ಎಂಬ ದೈತ್ಯ ಹಾವಿನ ಉದ್ದವೂ ಸುಮಾರು 13 ಮೀಟರ್. ಹಾಗಾಗಿ ಭೂಮಿಯ ಮೇಲೆ ಹರಿದ ಅತಿದೊಡ್ಡ ಹಾವುಗಳ ಪಂಕ್ತಿಯಲ್ಲಿ ವಾಸುಕಿಯದೂ ಒಂದು ಹೆಸರು. ಮಣಿಗಳ ಅಗಲ ನೋಡಿದರೆ ಮೈ ದಪ್ಪ, ಚಲನೆ ನಿಧಾನ. ಅಟ್ಟಿಸಿಕೊಂಡು ಹೋಗುವ ಬದಲು ಹೊಂಚು ಹಾಕಿ ಸುತ್ತಿ ಕೊಲ್ಲುವ ಹಾವು ಎಂಬುದು ಅಧ್ಯಯನಕಾರರ ನಿಲುವು. ಅದು ಇದ್ದ ಜಾಗ ಕರಾವಳಿಯ ಜೌಗು.

ನಡವಳಿಕೆಯ ಉತ್ತರಗಳು ಇಷ್ಟರಲ್ಲೇ ಸಿಕ್ಕಿವೆ: ಹೊಂಚು, ಸುತ್ತು, ನಿಧಾನ. ಆಧಾರಕ್ಕೆ ಪುಸ್ತಕದ 'ಜೈಂಟ್ ಕನ್‌ಸ್ಟ್ರಿಕ್ಟರ್ ಸ್ನೇಕ್' ಇದೆ: ಆರ್ಮರ್ ಕ್ಲಾಸ್ 12, ಹಿಟ್ ಪಾಯಿಂಟ್ 60, ವೇಗ 30 ಅಡಿ, ಚಾಲೆಂಜ್ ರೇಟಿಂಗ್ 2. ವಾಸುಕಿಗೆ ಇದು ಸಾಲದು. 5ನೇ ಹಂತದ ನಾಲ್ವರಿಗೆ ಸಾಟಿಯಾಗಬೇಕು ಎಂದಿಟ್ಟುಕೊಳ್ಳೋಣ. ಶಕ್ತಿ 22 ಎಂದರೆ +6. ಮೈಕಟ್ಟು 17 ಎಂದರೆ +3. ಹಿಟ್ ಪಾಯಿಂಟ್ 12 ಮುಖದ 12 ದಾಳಗಳ ಮೊತ್ತಕ್ಕೆ 36 ಸೇರಿಸಿದಷ್ಟು, ಸರಾಸರಿ 114. ಆರ್ಮರ್ ಕ್ಲಾಸ್ 13. ನೆಲದ ಮೇಲೆ ವೇಗ 20ಕ್ಕಿಳಿಸಿ, ನೀರಿನಲ್ಲಿ 30 ಉಳಿಸಿಕೊಳ್ಳಬೇಕು. ಈ ಇಳಿಕೆಯನ್ನು ಬಿಟ್ಟುಬಿಡುವ ಮನಸ್ಸಾಗುವುದು ಸಹಜ, ಬಿಡಬಾರದು: ಓಡಿದರೆ ಪಾರಾಗಬಹುದು ಎಂಬ ಆಸೆ ಇದ್ದಾಗಲೇ ಹಿಡಿತಕ್ಕೆ ಸಿಕ್ಕವನನ್ನು ಬಿಟ್ಟು ಓಡುವುದೋ ಬೇಡವೋ ಎಂಬ ತಳಮಳ ಹುಟ್ಟುತ್ತದೆ.

ದಾಳಿ ಎರಡು. ದಾಳಕ್ಕೆ +9 ಸೇರಿಸಿ ಕಚ್ಚುತ್ತದೆ, ಎಂಟು ಮುಖದ ಎರಡು ದಾಳ ಮತ್ತು ಆರು, ಸರಾಸರಿ 15 ಹಾನಿ. ಅದೇ +9ರಲ್ಲಿ ಸುತ್ತುತ್ತದೆ, ಎಂಟು ಮುಖದ ಮೂರು ದಾಳ ಮತ್ತು ಆರು, ಸರಾಸರಿ 19. ಸುತ್ತಿಗೆ ಸಿಕ್ಕವನು ಬಿಡಿಸಿಕೊಳ್ಳಲು ತನ್ನ ಸರದಿಯಲ್ಲಿ 17 ಅಥವಾ ಹೆಚ್ಚು ತರಬೇಕು. ವಿಶೇಷ ನಿಯಮಕ್ಕೆ ಒಂದು ನಿಜಸಂಗತಿ ನೆರವಾಗುತ್ತದೆ. ಇಂಥ ಹಾವುಗಳು ಉಸಿರುಗಟ್ಟಿಸಿ ಕೊಲ್ಲುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಬೋವಾಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ, ಬಿಗಿತಕ್ಕೆ ರಕ್ತಸಂಚಾರವೇ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ ಎಂದು ತೋರಿಸಿತು. ಆದ್ದರಿಂದ ಆಟದ ಉಸಿರುಗಟ್ಟುವ ನಿಯಮ ಇಲ್ಲಿ ಹೊಂದುವುದಿಲ್ಲ. ಅದು ನಿಮಿಷಗಟ್ಟಲೆ ಕಾಲಾವಕಾಶ ಕೊಡುತ್ತದೆ. ಅದರ ಬದಲು, ಸುತ್ತಿನಲ್ಲಿ ಸಿಕ್ಕಿರುವ ಪಾತ್ರ ಪ್ರತಿ ಸರದಿಯ ಆರಂಭದಲ್ಲಿ ಮೈಕಟ್ಟಿನ ಸೇವಿಂಗ್ ಥ್ರೋ, ಅಂದರೆ ಅಪಾಯವನ್ನು ತಡೆದುಕೊಳ್ಳುವ ದಾಳದ ಪರೀಕ್ಷೆ, ಮಾಡಿ 14 ಮುಟ್ಟಬೇಕು. ಸತತ ಎರಡು ಬಾರಿ ಸೋತರೆ ಪ್ರಜ್ಞೆ ತಪ್ಪುತ್ತದೆ. ಎರಡು ಸುತ್ತು ಎಂದರೆ 12 ಸೆಕೆಂಡ್. ಉಳಿದ ಮೂವರಿಗೆ ಆ 12 ಸೆಕೆಂಡೇ ಇಡೀ ಹೋರಾಟ.

ಚಾಲೆಂಜ್ ರೇಟಿಂಗ್ ಲೆಕ್ಕವನ್ನು 'ಡಂಜನ್ ಮಾಸ್ಟರ್ಸ್ ಗೈಡ್'ನ ಕೋಷ್ಟಕ ಮಾಡಿಕೊಡುತ್ತದೆ. 114 ಹಿಟ್ ಪಾಯಿಂಟ್ ಮತ್ತು 13ರ ಆರ್ಮರ್ ಕ್ಲಾಸ್ ರಕ್ಷಣೆಯ ಬದಿಯಲ್ಲಿ 3ಕ್ಕೆ ಬೀಳುತ್ತದೆ. ಸುತ್ತಿಗೆ 34 ಹಾನಿ ದಾಳಿಯ ಬದಿಯಲ್ಲಿ 5. ಆ ಹಂತಕ್ಕೆ ನಿರೀಕ್ಷಿತ ಸೇರಿಕೆ +6, ಇಲ್ಲಿ +9 ಇರುವುದರಿಂದ ಒಂದು ಹೆಚ್ಚಿಸಿ 6. ಎರಡರ ಸರಾಸರಿ ನಾಲ್ಕೂವರೆ, ಮೇಲಕ್ಕೆ ತಂದರೆ 5. ಪ್ರಜ್ಞೆ ತಪ್ಪಿಸುವ ನಿಯಮ ಕೋಷ್ಟಕದೊಳಗೆ ಬರುವುದಿಲ್ಲ, ಅದರ ತೂಕವನ್ನು ಆಡಿಯೇ ನೋಡಬೇಕು. ಮೇಲಕ್ಕೆ ತರಲು ಅದೂ ಒಂದು ಕಾರಣ.

ವಾಸುಕಿಯನ್ನು ಒಣನೆಲದ ಬಯಲಿನಲ್ಲಿ ಇಳಿಸಿದರೆ ಈ ಶ್ರಮವೆಲ್ಲ ನೀರುಪಾಲು. ಅದಕ್ಕೆ ಮೊಣಕಾಲುದ್ದ ನೀರು, ಜೊಂಡು, ಕಾಣದ ತಳ ಬೇಕು. ಪ್ರಾಣಿಯ ಜೊತೆ ಅದರ ಆವಾಸವನ್ನೂ ಸ್ಟ್ಯಾಟ್ ಬ್ಲಾಕ್‌ನ ಭಾಗವೆಂದೇ ಎಣಿಸುವುದು ಕ್ಷೇಮ.

ಎಚ್ಚರಿಸುವ ಹಾವು

ಬದುಕಿರುವ ಪ್ರಾಣಿಗಳಲ್ಲಿ ಕಾಳಿಂಗ ಸರ್ಪದ ಸಮಸ್ಯೆ ತದ್ವಿರುದ್ಧ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿ 'ಓಫಿಯೊಫಾಗಸ್ ಕಾಳಿಂಗ' ಎಂದು ಕನ್ನಡದ ಹೆಸರನ್ನೇ ಉಳಿಸಿಕೊಳ್ಳಲಾಯಿತು. ಇದರ ಬೇಟೆ ಹಾವುಗಳು. ಮನುಷ್ಯನನ್ನು ಕಚ್ಚುವುದು ತೀರಾ ಅಪರೂಪ. ತರಗೆಲೆ ಒಟ್ಟುಮಾಡಿ ಗೂಡು ಕಟ್ಟುವ ಹಾವು ಇದೊಂದೇ, ಹೆಣ್ಣು ಅದನ್ನು ಕಾಯುತ್ತದೆ. ಹೆದರಿದಾಗ ಮೈಯ ಮೂರನೇ ಒಂದು ಭಾಗದಷ್ಟು ಮೇಲೆದ್ದು, ಹೆಡೆ ಬಿಚ್ಚಿ, ನಾಯಿ ಗುರುಗುಟ್ಟಿದಂಥ ತಗ್ಗು ಸದ್ದು ಹೊರಡಿಸುತ್ತದೆ. ಕಂಡಕಂಡವರ ಮೇಲೆರಗುವ ಜೀವಿಯನ್ನಾಗಿ ಇದನ್ನು ಬರೆದರೆ ಹಾವಿಗೂ ಅನ್ಯಾಯ, ಆಟಕ್ಕೂ ನಷ್ಟ.

ಇಲ್ಲಿ ಬರೆಯಬೇಕಾದ ನಿಯಮ ಎಚ್ಚರಿಕೆಯದು. ಗೂಡಿನಿಂದ 30 ಅಡಿಯೊಳಗೆ ಬಂದರೆ ಹಾವು ಎದ್ದು ನಿಲ್ಲುತ್ತದೆ. ಮುಂದಿನ ಸುತ್ತಿನಲ್ಲೂ ಅಲ್ಲೇ ಇದ್ದರೆ ಬಾಯಿ ಮುಚ್ಚಿಕೊಂಡೇ ಬಡಿಯುತ್ತದೆ, ಹಾನಿಯಿಲ್ಲ. ಮೂರನೇ ಸುತ್ತಿಗೆ ಕಚ್ಚುತ್ತದೆ. ಹಿಂದೆ ಸರಿದವರ ಬೆನ್ನು ಹತ್ತುವುದಿಲ್ಲ. ಆಗ ಆಟಗಾರರ ಮುಂದಿರುವ ಪ್ರಶ್ನೆ ಹಾವನ್ನು ಕೊಲ್ಲುವುದಲ್ಲ, ಗೂಡಿನ ಹಿಂದಿರುವ ಬಳ್ಳಿಯನ್ನೋ ಗುಹೆಯನ್ನೋ ಮುಟ್ಟುವುದು ಹೇಗೆಂಬುದು.

ಅಂಕಿಗಳಿಗೆ 'ಜೈಂಟ್ ಪಾಯಿಸನಸ್ ಸ್ನೇಕ್' ಸಾಕು: ಆರ್ಮರ್ ಕ್ಲಾಸ್ 14, ಹಿಟ್ ಪಾಯಿಂಟ್ 11, 10 ಅಡಿ ದೂರಕ್ಕೆ ಕಚ್ಚುವ ಶಕ್ತಿ. ಅದರ ವಿಷವನ್ನು ಮಾತ್ರ ಬದಲಿಸಬೇಕು. ಪುಸ್ತಕದಲ್ಲಿ ವಿಷ ಎಂದರೆ ಕೂಡಲೇ ಕಳೆಯುವ ಹಿಟ್ ಪಾಯಿಂಟ್. ನರಮಂಡಲಕ್ಕೆ ತಾಗುವ ಕಾಳಿಂಗದ ವಿಷ ಹಾಗಲ್ಲ; ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಕಚ್ಚಿದ ಹತ್ತು ನಿಮಿಷಕ್ಕೆ ಮೊದಲ ಸೇವಿಂಗ್ ಥ್ರೋ, ಗುರಿ 13. ಆಮೇಲೆ ಅರ್ಧ ಗಂಟೆಗೊಂದು. ಮೂರು ಗೆಲುವು ಮೊದಲು ಬಂದರೆ ಚೇತರಿಕೆ, ಮೂರು ಸೋಲು ಮೊದಲು ಬಂದರೆ ಪ್ರಾಣಾಪಾಯ. ಒಂದು ಮತ್ತು ಎರಡನೇ ಹಂತದ ತಂಡಕ್ಕೆ ಇದು ಊರಿನ ವೈದ್ಯರತ್ತ ಓಟವಾಗುತ್ತದೆ. ಮೂರನೇ ಹಂತಕ್ಕೆ ಪುರೋಹಿತ ಪಾತ್ರವಾದ ಕ್ಲೆರಿಕ್‌ಗೆ 'ಲೆಸ್ಸರ್ ರೆಸ್ಟೊರೇಶನ್' ಮಂತ್ರ ಸಿಕ್ಕಿದ ಮೇಲೆ ಒಂದೇ ಮಂತ್ರಕ್ಕೆ ವಿಷ ಇಳಿದುಹೋಗುತ್ತದೆ. ಹಾಗಾಗಿ ಕಾಳಿಂಗವನ್ನು ಕಥೆಯ ಆರಂಭದಲ್ಲೇ ತರುವುದು ಒಳ್ಳೆಯದು.

ಗುಂಪಿನ ಬಲ

ಬಂಡೀಪುರ, ನಾಗರಹೊಳೆಗಳ ಕೆನ್ನಾಯಿ ಒಂದೊಂದೇ ನೋಡಿದರೆ 12ರಿಂದ 20 ಕಿಲೊ ತೂಗುವ ಸಣ್ಣ ಪ್ರಾಣಿ. ಗುಂಪಾಗಿ ಅವು ಕಡವೆಯನ್ನೂ ಉರುಳಿಸುತ್ತವೆ, ಬೇಟೆಯ ನಡುವೆ ಚೆದುರಿದಾಗ ಸಿಳ್ಳೆಯಂಥ ಕೂಗಿನಿಂದ ಒಂದನ್ನೊಂದು ಕರೆಯುತ್ತವೆ. ತೋಳಕ್ಕಿರುವ 'ಪ್ಯಾಕ್ ಟ್ಯಾಕ್ಟಿಕ್ಸ್' ನಿಯಮ ಇವಕ್ಕೂ ಸಲ್ಲುತ್ತದೆ: ಸಂಗಾತಿ ಬೇಟೆಯ ಪಕ್ಕದಲ್ಲಿದ್ದರೆ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವುದು. ಸಿಳ್ಳೆಗೊಂದು ನಿಯಮ: ಒಂದು ಕೆನ್ನಾಯಿಗೆ ಕಂಡ ಪಾತ್ರ 300 ಅಡಿಯೊಳಗಿನ ಎಲ್ಲಕ್ಕೂ ಕಂಡಂತೆ. ಅಡಗಿಕೊಳ್ಳುವುದರಲ್ಲಿ ನಿಪುಣನಾದ ಕಳ್ಳನ ಪಾತ್ರಕ್ಕೆ ಇದು ಇನ್ನಿಲ್ಲದ ಪೇಚು.

ಒಂದಕ್ಕೆ ಏಳು ಹಿಟ್ ಪಾಯಿಂಟ್, ಚಾಲೆಂಜ್ ರೇಟಿಂಗ್ ಎಂಟರಲ್ಲೊಂದು, ಅಂದರೆ 25 ಅನುಭವಾಂಕ. ಎಂಟು ಸೇರಿದರೆ 200. ಆದರೆ ಏಳರಿಂದ ಹತ್ತು ಜೀವಿಗಳಿದ್ದಾಗ ಎರಡೂವರೆಯಿಂದ ಗುಣಿಸಿ ಅಪಾಯವನ್ನು ಅಳೆಯಬೇಕೆಂಬ ನಿಯಮವಿದೆ; 500 ಆಗುತ್ತದೆ. ಎರಡನೇ ಹಂತದ ನಾಲ್ವರಿಗೆ 400 ಮಧ್ಯಮ, 600 ಕಠಿಣ. ಎಂಟು ಕೆನ್ನಾಯಿಗಳು ಅವೆರಡರ ನಡುವೆ ನಿಲ್ಲುತ್ತವೆ. ಇನ್ನೂ ಮೂರು ಸೇರಿದರೆ ಗುಣಕ ಮೂರಾಗಿ ಲೆಕ್ಕ 825ಕ್ಕೆ ಜಿಗಿದು, 800ರಲ್ಲಿ ಶುರುವಾಗುವ ಮಾರಕ ಹಂತವನ್ನು ದಾಟುತ್ತದೆ.

ಅಳಿದ ಪ್ರಾಣಿಗಳು, ಬದಲಾದ ತಿಳಿವಳಿಕೆ

ಅಳಿದ ಪ್ರಾಣಿಗಳ ವಿಷಯದಲ್ಲಿ ಸಿನಿಮಾ ಬಿತ್ತಿದ ಚಿತ್ರಗಳು ಬೇಗ ಅಳಿಸುವುದಿಲ್ಲ. 1993ರ 'ಜುರಾಸಿಕ್ ಪಾರ್ಕ್'ನ ವೆಲಾಸಿರ್‍ಯಾಪ್ಟರ್ ಮನುಷ್ಯನ ಎತ್ತರ. ಮಂಗೋಲಿಯಾದ ನಿಜವಾದದ್ದು ಟರ್ಕಿ ಕೋಳಿಯ ಗಾತ್ರದ್ದು, ಮೈಮೇಲೆ ಪುಕ್ಕ. ಸಿನಿಮಾದ ಗಾತ್ರವೇ ಬೇಕೆನ್ನುವವರಿಗೆ ಡೈನೊನೈಕಸ್ ಅಥವಾ ಯೂಟಾರ್‍ಯಾಪ್ಟರ್ ಇದೆ. ಡೈಲೊಫೊಸಾರಸ್‌ನ ಕೊರಳ ಪಟ್ಟಿ, ಉಗುಳುವ ವಿಷ ಎರಡೂ ಆ ಸಿನಿಮಾದ ಕಲ್ಪನೆ. ಅಲುಗಾಡದೆ ನಿಂತರೆ ಟಿರನೊಸಾರಸ್‌ಗೆ ಕಾಣುವುದಿಲ್ಲ ಎಂಬುದೂ ಹಾಗೆಯೇ; ಅದರ ಎರಡೂ ಕಣ್ಣು ಮುಂದಕ್ಕೆ ನೋಡುತ್ತಿದ್ದವು, ಮೂಗು ಅದಕ್ಕೂ ಚುರುಕು. ಅಡಗಿದವರನ್ನು ಗಾಳಿಯ ದಿಕ್ಕು ಹಿಡಿದುಕೊಡುತ್ತದೆ ಎಂಬ ನಿಯಮ ಟಿರನೊಸಾರಸ್‌ಗೆ ಹೆಚ್ಚುವರಿ 50 ಹಿಟ್ ಪಾಯಿಂಟ್ ಕೊಡುವುದಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಆಟದಲ್ಲಿ ಸಿನಿಮಾದ ಡೈಲೊಫೊಸಾರಸ್ ಬಳಸಬಾರದೆಂದೇನೂ ಇಲ್ಲ. ಯಾವುದು ಪಳೆಯುಳಿಕೆ ಹೇಳಿದ್ದು, ಯಾವುದು ತಾನು ಸೇರಿಸಿದ್ದು ಎಂಬ ಅರಿವು ಬರೆಯುವವರಿಗಿದ್ದರೆ ಸಾಕು.

ತಿಳಿವಳಿಕೆ ಬದಲಾದಾಗ ಆಟವೂ ಹೇಗೆ ಬದಲಾಗಬಲ್ಲದು ಎಂಬುದಕ್ಕೆ ಕೆಟ್ಜಾಲ್ಕೊಆಟ್ಲಸ್ ಒಳ್ಳೆಯ ಸಾಕ್ಷಿ. ಟೆಕ್ಸಾಸ್‌ನಲ್ಲಿ 1971ರಲ್ಲಿ ಸಿಕ್ಕ ಈ ಹಾರುವ ಸರೀಸೃಪದ ರೆಕ್ಕೆಯ ಹರವು 10 ಮೀಟರ್‌ಗೂ ಹೆಚ್ಚು. 2016ರ 'ವೋಲೊಸ್ ಗೈಡ್ ಟು ಮಾನ್‌ಸ್ಟರ್ಸ್' ಇದಕ್ಕೆ ಮೇಲಿನಿಂದ ಎರಗುವ ದಾಳಿ ಕೊಟ್ಟಿತು, ಹದ್ದಿನ ಹಾಗೆ. ಆದರೆ ಪಳೆಯುಳಿಕೆ ತಜ್ಞರಾದ ಮಾರ್ಕ್ ವಿಟ್ಟನ್ ಮತ್ತು ಡ್ಯಾರೆನ್ ನೈಶ್ 2008ರಲ್ಲೇ ಬೇರೊಂದು ವಾದ ಮುಂದಿಟ್ಟಿದ್ದರು: ಇದು ಕೊಕ್ಕರೆಯಂತೆ ನೆಲದ ಮೇಲೆ ನಡೆದಾಡಿ ಸಣ್ಣ ಪ್ರಾಣಿಗಳನ್ನು ಹೆಕ್ಕಿ ತಿನ್ನುತ್ತಿತ್ತು. ಜಿರಾಫೆಯ ಎತ್ತರದ ಜೀವಿ ಮಂಜು ಕವಿದ ಹುಲ್ಲುಗಾವಲಿನಲ್ಲಿ ಸದ್ದಿಲ್ಲದೆ ನಾಲ್ಕು ಕಾಲಲ್ಲಿ ನಡೆದುಬರುವುದು ಎರಗುವ ಹದ್ದಿಗಿಂತ ಹೊಸದು, ಹಾಗೂ ವಿಜ್ಞಾನಕ್ಕೆ ಹತ್ತಿರ. ನಿಯಮ ಚಿಕ್ಕದು: 15 ಅಡಿ ದೂರದಿಂದ ಕೊಕ್ಕು ಚಾಚುತ್ತದೆ, ತಾಗಿದ್ದು ಸಣ್ಣ ಗಾತ್ರದ ಪಾತ್ರಕ್ಕಾದರೆ ಎತ್ತಿಕೊಂಡು ಹೋಗುತ್ತದೆ, ಮನುಷ್ಯ ಗಾತ್ರದವರನ್ನು ಬರೀ ಕುಕ್ಕುತ್ತದೆ. ತಂಡದಲ್ಲಿ ಹಾಫ್‌ಲಿಂಗ್ ಅಥವಾ ನೋಮ್ ಎಂಬ ಗಿಡ್ಡ ಕುಲಗಳ ಪಾತ್ರ ಆಡುವವರು ಈ ಅಧ್ಯಾಯವನ್ನು ಮರೆಯುವುದಿಲ್ಲ.

ಬೆಕ್ಕಿನ ಕುಲದ ಸ್ಮೈಲೊಡಾನ್‌ನ ಕತ್ತಿಹಲ್ಲಿಗೂ ಇಂಥದೇ ತಿದ್ದುಪಡಿ ಬೇಕು. ದಕ್ಷಿಣ ಅಮೆರಿಕದ ದೊಡ್ಡ ಪ್ರಭೇದದಲ್ಲಿ ಬೇರು ಸೇರಿ 28 ಸೆಂಟಿಮೀಟರ್ ಮುಟ್ಟುತ್ತಿದ್ದ ಈ ಹಲ್ಲು ಅಡ್ಡ ಒತ್ತಡಕ್ಕೆ ಮುರಿಯುವಂಥದು. ಹೀಗಾಗಿ ಮೊದಲು ಬಲವಾದ ಮುಂಗಾಲುಗಳಿಂದ ಬೇಟೆಯನ್ನು ನೆಲಕ್ಕೊತ್ತಿ, ಅದು ಅಲುಗದಂತಾದ ಮೇಲೆ ಕೊರಳಿಗೆ ಹಲ್ಲಿಳಿಸುತ್ತಿತ್ತು. ನಿಂತಿರುವವರನ್ನು ಇದು ಕಚ್ಚುವಂತಿಲ್ಲ, ಬಿದ್ದವರಿಗೆ ಬಿದ್ದ ಕಚ್ಚು ಮೂರುಪಟ್ಟು ಎಂದು ಬರೆದರೆ ಪ್ರತಿ ಸುತ್ತಿನಲ್ಲೂ ಬಿದ್ದವರನ್ನು ಎಬ್ಬಿಸುವುದೇ ತಂಡದ ಮೊದಲ ಕೆಲಸವಾಗುತ್ತದೆ.

ದೈತ್ಯ ಕೀಟಗಳ ಬಗ್ಗೆ ಒಂದೇ ಮಾತು. ಉದ್ದ ಎರಡುಪಟ್ಟಾದರೆ ತೂಕ ಎಂಟುಪಟ್ಟಾಗುತ್ತದೆ, ಕಾಲಿನ ಬಲ ನಾಲ್ಕುಪಟ್ಟು ಮಾತ್ರ. ಗಾತ್ರದ ಈ ಲೆಕ್ಕವನ್ನು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರ ಪ್ರಬಂಧವೊಂದರಲ್ಲಿ ಜನಪ್ರಿಯಗೊಳಿಸಿದರು. ಮನೆಯಷ್ಟು ದೊಡ್ಡ ಜೇಡಕ್ಕೆ ಆಟದಲ್ಲಿ ಮಾಯೆಯ ವಿವರಣೆ ಸಾಕು. ಮಾಯೆ ಬೇಡವೆನ್ನುವವರಿಗೆ ಕಾರ್ಬೊನಿಫೆರಸ್ ಯುಗದ ಆರ್ಥ್ರೊಪ್ಲೂರಾ ಇದೆ. ಎರಡೂವರೆ ಮೀಟರ್ ಉದ್ದದ ಈ ಸಹಸ್ರಪದಿ ಬಹುಶಃ ಸಸ್ಯಾಹಾರಿ, ಹಾಗಾಗಿ ದಾರಿಗಡ್ಡ ಮಲಗಿರುವುದೇ ಅದರ ಅಪಾಯ.

ಸಮಯವಿಲ್ಲದಾಗ ಹಳೆಯ ಸ್ಟ್ಯಾಟ್ ಬ್ಲಾಕ್‌ಗೆ ಹೊಸ ಹೆಸರಿಟ್ಟು ನಡೆಸುವುದೂ ಸರಿಯೇ. ಆಟಗಾರರ ಬಾಯಲ್ಲಿ ಇದಕ್ಕೆ ರೀಸ್ಕಿನ್ ಎನ್ನುತ್ತಾರೆ. ದಕ್ಷಿಣ ಅಮೆರಿಕದ ಡೊಯೆಡಿಕುರಸ್‌ಗೆ, ಅಂದರೆ ಗದೆಯಂಥ ಬಾಲದ ಚಿಪ್ಪುಪ್ರಾಣಿಗೆ, ಡೈನೊಸಾರ್ ಆದ ಆಂಕಿಲೊಸಾರಸ್‌ನ ಅಂಕಿ ಒಂದನ್ನೂ ಬದಲಿಸದೆ ಹೊಂದುತ್ತದೆ.

ಮೇಜಿನ ಮೇಲೆ

ಪ್ರಾಣಿಗಳು ಸಾಯುವವರೆಗೆ ಹೋರಾಡುವುದು ವಿರಳ. ಗಾಯಗೊಂಡ ಬೇಟೆಗಾರ ಪ್ರಾಣಿಗೆ ಮುಂದಿನ ಬೇಟೆಯೂ ಸಿಗುವುದಿಲ್ಲ, ಆದ್ದರಿಂದ ಅದು ಹಿಂಜರಿಯುತ್ತದೆ. 1981ರ ಬೇಸಿಕ್ ಆವೃತ್ತಿಯಲ್ಲಿ ಪ್ರತಿ ಜೀವಿಗೂ ಮೊರೇಲ್ ಎಂಬ ಧೈರ್ಯಾಂಕ ಇತ್ತು. ಆರು ಮುಖದ ಎರಡು ದಾಳ ಉರುಳಿಸಿ ಅದನ್ನು ಮೀರಿದರೆ ಜೀವಿ ಓಡುತ್ತಿತ್ತು. ಐದನೇ ಆವೃತ್ತಿಯಲ್ಲಿ ಇದು ಐಚ್ಛಿಕ ನಿಯಮವಾಗಿ ಮೂಲೆಗೆ ಸರಿದಿದೆ: ಹಿಟ್ ಪಾಯಿಂಟ್ ಅರ್ಧಕ್ಕಿಳಿದಾಗ ವಿವೇಕದ ಸೇವಿಂಗ್ ಥ್ರೋ, ಗುರಿ 10. ಪ್ರಾಣಿಗಳ ಮಟ್ಟಿಗಾದರೂ ಇದನ್ನು ಕಡ್ಡಾಯ ಮಾಡುವುದು ಲೇಸು. ವಾಸುಕಿ ಅರ್ಧ ಬಲ ಕಳೆದುಕೊಂಡಾಗ ಹಿಡಿದವನನ್ನು ಬಿಟ್ಟು ನೀರಿಗಿಳಿದರೆ ಆಟಗಾರರು ಆ ಜೌಗನ್ನು ಮತ್ತೊಮ್ಮೆ ದಾಟಲೇಬೇಕಾದಾಗಿನ ಭಯ ದಾಳ ಉರುಳಿಸದೆಯೇ ಸಿಗುತ್ತದೆ. ಮಾಂಸದ ತುಂಡು ಎಸೆದು, ಬೆಂಕಿ ತೋರಿಸಿ, ಮರಿಯಿಂದ ದೂರ ಸರಿದು ಪಾರಾದ ತಂಡಕ್ಕೂ ಕೊಂದಷ್ಟೇ ಅನುಭವಾಂಕ ಕೊಡಬೇಕು. ಇಲ್ಲವಾದರೆ ಆಟಗಾರರು ಗೂಡಿನ ಮೇಲಿನ ಹಾವನ್ನೂ ಕೊಂದೇ ಮುಂದೆ ಹೋಗುತ್ತಾರೆ.

ಹಲವರು ಗಮನಿಸದ ಒಂದು ಸಿಕ್ಕು ಜೀವಿಯ ವರ್ಗದಲ್ಲಿದೆ. ಸಹಜ ಪ್ರಾಣಿಗಳೆಲ್ಲ 'ಬೀಸ್ಟ್' ವರ್ಗಕ್ಕೆ ಸೇರುತ್ತವೆ, ಮತ್ತು ಡ್ರೂಯಿಡ್ ಪಾತ್ರಗಳು ತಾವು ಕಂಡ ಬೀಸ್ಟ್‌ನ ರೂಪ ತಾಳಬಲ್ಲವು. ಸಾಮಾನ್ಯ ಡ್ರೂಯಿಡ್‌ಗೆ 8ನೇ ಹಂತದಲ್ಲೂ ಚಾಲೆಂಜ್ ರೇಟಿಂಗ್ 1ರ ಮಿತಿಯಿದೆ. ಆದರೆ 'ಪಾಲಿಮಾರ್ಫ್' ಮಂತ್ರಕ್ಕೆ ಪಾತ್ರದ ಹಂತವೇ ಮಿತಿ, ಆ ಮಂತ್ರ ಮಾಂತ್ರಿಕರಿಗೆ 7ನೇ ಹಂತದಲ್ಲಿ ಸಿಗುತ್ತದೆ. ಎಂದರೆ ಡಿಎಂ ಶ್ರಮವಹಿಸಿ ಬರೆದ ವಾಸುಕಿ ಕೆಲವೇ ವಾರಗಳಲ್ಲಿ ಆಟಗಾರರ ಕಡೆಯಿಂದಲೇ ಹರಿದುಬರಬಹುದು. ಅದು ಖುಷಿಯ ಸಂಗತಿಯಾದರೆ ಬೀಸ್ಟ್ ಎಂದೇ ಬಿಡಬಹುದು. ಬೇಡವಾದರೆ ವರ್ಗದ ಜಾಗದಲ್ಲಿ 'ಮಾನ್‌ಸ್ಟ್ರಾಸಿಟಿ' ಎಂದು ಬರೆದರೆ ಎರಡೂ ಬಾಗಿಲು ಮುಚ್ಚುತ್ತವೆ.

ಹೊಸ ಜೀವಿಯನ್ನು ಕಥೆಯೊಳಗೆ ಬಿಡುವ ಮೊದಲು ಡಿಎಂ ಒಬ್ಬರೇ ಕುಳಿತು, ತಂಡದ ಪಾತ್ರಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಮೂರು ಸುತ್ತು ಉರುಳಿಸಿ ನೋಡಬೇಕು. ಮೊದಲ ಸುತ್ತಿನಲ್ಲೇ ಯಾವುದಾದರೂ ಪಾತ್ರ ಬಿದ್ದರೆ ಹಾನಿ ಇಳಿಸಬೇಕು. ಮೂರನೆಯದರಲ್ಲೂ ವಿಶೇಷ ನಿಯಮಕ್ಕೆ ಅವಕಾಶ ಬಾರದಿದ್ದರೆ ತಪ್ಪು ನಿಯಮದಲ್ಲಿದೆ, ಅಂಕಿಯಲ್ಲಲ್ಲ.

ಇತರರಿಗೂ ಹಂಚುವ ಅಥವಾ ಮಾರುವ ಇರಾದೆಯಿದ್ದರೆ ಹಕ್ಕುಗಳ ಕಡೆ ಕಣ್ಣು ಹಾಯಿಸಬೇಕು. ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆ, ಎಂದರೆ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1, 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾಯಿತು. ಅದರಲ್ಲಿ ಸೂಚಿಸಿರುವ ಕೃತಜ್ಞತೆಯ ಸಾಲನ್ನು ಸೇರಿಸಿದರೆ ಅಲ್ಲಿಯ 'ಜೈಂಟ್ ಕನ್‌ಸ್ಟ್ರಿಕ್ಟರ್ ಸ್ನೇಕ್' ಅನ್ನೂ ಟಿರನೊಸಾರಸ್ ಅನ್ನೂ ಆಧಾರವಾಗಿಟ್ಟು ಬರೆದದ್ದನ್ನು ಮಾರಲೂಬಹುದು. 'ವೋಲೊಸ್ ಗೈಡ್'ನಂಥ ಪುಸ್ತಕಗಳ ಪಠ್ಯಕ್ಕೆ ಈ ಅನುಮತಿ ಇಲ್ಲ. ಪ್ರಾಣಿಗಳ ವೈಜ್ಞಾನಿಕ ಹೆಸರು, ಉದ್ದ, ಕಾಲ ಯಾರ ಸ್ವತ್ತೂ ಅಲ್ಲ. ಅವುಗಳನ್ನು ಬಿಡಿಸಿದ ಕಲಾವಿದರ ಚಿತ್ರಗಳು ಮಾತ್ರ ಆ ಕಲಾವಿದರ ಸ್ವತ್ತು. ಚಿತ್ರಕಾರರು ಸಿಗದಿದ್ದರೆ ಫೈಲೊಪಿಕ್ ಸಂಗ್ರಹದಲ್ಲಿ ಮುಕ್ತವಾಗಿ ಬಳಸಬಹುದಾದ ಪ್ರಾಣಿಗಳ ನೆರಳುಚಿತ್ರಗಳಿವೆ. ಪ್ರತಿ ಚಿತ್ರದ ಪರವಾನಗಿ ಬೇರೆ ಬೇರೆಯಾದ್ದರಿಂದ ಇಳಿಸಿಕೊಳ್ಳುವ ಮೊದಲು ಓದಿ ನೋಡಬೇಕು.